ಯಾರಿಗೋಸ್ಕರ ಬಂದೆ?

ಸಂಜಯನಗರದ ಆ ಸಂಸ್ಥೆಯವರು ಹರ್ಷಿತಾಳನ್ನು ಧರ್ಮಪಾಠದ ಕೋರ್ಸಿಗೆ ಸೇರಿಸಿಕೊಳ್ಳಲಿಲ್ಲ. ಗಂಡ ಯಾರೆಂದು ಕೇಳಿದರು. ಮದುವೆಯಾಗಿಲ್ಲ ಎಂದಳು. ಮೊದಲು ನಿಕಾಹ್ ಆಗಲಿ, ಉಳಿದದ್ದನ್ನು ಗಂಡನೇ ಕಲಿಸುತ್ತಾನೆ ಎಂದು ಹೇಳಿ ಕಳಿಸಿದರು.

ಹೊರಗಿನ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಬಿಗಿಯತೊಡಗಿದಳು.

"ಆರ್.ಟಿ. ನಗರದಲ್ಲಿ ಒಂದು ಕ್ಲಾಸ್ ಇದೆ. ದೊಡ್ಡವರಿಗೆ. ಹೊಸಬರೂ ಸೇರಬಹುದು."

ತಲೆಯೆತ್ತಿದಳು. ಕೈಯಲ್ಲಿ ಪುಸ್ತಕಗಳ ಕಟ್ಟು ಹಿಡಿದ ಯುವಕ. ಕನ್ನಡಕದ ಒಂದು ಕಾಲು ಮುರಿದು, ಅದಕ್ಕೆ ಟೇಪು ಸುತ್ತಿದ್ದ. ಒಳಗೆ ನಡೆದದ್ದನ್ನೆಲ್ಲ ಕೇಳಿಸಿಕೊಂಡಿದ್ದಾನೆ!

"ಅಲ್ಲಿಗೂ ಗಂಡನ್ನ ಕರ್ಕೊಂಡು ಹೋಗ್ಬೇಕಾ?" ಎಂದಳು ಚುರುಕಾಗಿ.

"ಬೇಡ, ಚಾಪೆ ತಗೊಂಡು ಹೋಗಿ. ಕುರ್ಚಿ ಕಮ್ಮಿ ಇವೆ."

ಅಳು ಬರಬೇಕಾದ ಹೊತ್ತಿನಲ್ಲಿ ನಗು ಬಂದುಬಿಟ್ಟಿತು...

"ನಾನು ಮಜೀದ್. ಪಾಠ ಮಾಡೋದು ನಮ್ಮ ಖಾಲಾ, ಅಮ್ಮನ ತಂಗಿ, ಶಹರ್‌ಬಾನು ಅಂತ."

"ನಾನು ಹರ್ಷಿತಾ. ಯಲಹಂಕದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಟೆಸ್ಟ್ ಮಾಡೋದು ನಾನೇ. ಒಂದ್ಸಲ ಬನ್ರೀ. ನಿಮ್ಮ ಕನ್ನಡಕ ನೋಡೋಕಾಗ್ತಿಲ್ಲ."

ಪುಟ್ಟೇನಹಳ್ಳಿಯ ಹಳೇ ಮನೆತನದ ಹುಡುಗಿ ಹರ್ಷಿತಾ. ದಿನವೂ ಬಸ್ಸಿನಲ್ಲಿ ಕೂತು ಕನ್ನಡದ ಕುರ್‌ಆನ್ ಓದಿದ್ದಳು. ಓದಿದ್ದನ್ನು ಪ್ರಶ್ನಿಸಿದಳು, ಮತ್ತೆ ಓದಿದಳು. ಕೊನೆಗೆ ತಾನೇ ನಂಬಿ, ಇಸ್ಲಾಂ ಒಪ್ಪಿಕೊಳ್ಳುವ ಕಲಿಮಾ ಹೇಳಿದಳು. ಆದರೆ ತಾನಾಗಿ ನಂಬಿದಳೆಂಬುದನ್ನು ಯಾರೂ ಒಪ್ಪಲಿಲ್ಲ.

"ಯಾರೇ ಅವ್ನು? ನಿನ್ನ ಇಂಗ್ ಮಾಡ್ದೋನು?" ಎಂದಿದ್ದರು ತಾಯಿ ಮುನಿಕೆಂಪಮ್ಮ.

ಸಂಸ್ಥೆಯವರು ಕೇಳಿದ್ದೂ ಅದನ್ನೇ. ಬಿಟ್ಟುಬಂದ ಕಡೆಯವರಿಗೂ, ಬಂದು ಸೇರಿದ ಕಡೆಯವರಿಗೂ ಅವಳ ತಲೆಯೊಳಗೆ ಒಬ್ಬ ಗಂಡಸು ಬೇಕಿತ್ತು! ಹೆಣ್ಣು ತಾನಾಗಿ ಯೋಚಿಸಿದಳೆಂದರೆ ಇಬ್ಬರಿಗೂ ನಿದ್ದೆ ಬರುವುದಿಲ್ಲ.

ಭಾನುವಾರ ಚಾಪೆ ಸುತ್ತಿಕೊಂಡು ಆರ್.ಟಿ. ನಗರಕ್ಕೆ ಹೋದಳು. ಟೈಲರ್ ಅಂಗಡಿಯ ಮೇಲಿನ ಒಂದು ಹಾಲ್. ಅಲ್ಲಿ ಕಲಿಯುವವರೆಲ್ಲ ಹೆಂಗಸರು. ಶಹರ್‌ಬಾನುವನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಆಪಾ ಗಂಟಲಿಗೆ ಕೈಯಿಟ್ಟು ಅರಬ್ಬಿ ಅಕ್ಷರ ಹೇಳಿಕೊಟ್ಟರು.

"ಇದು ಗಂಟಲಿನ ನಡುವಿಂದ ಬರೋ ಹ. ಇನ್ನೊಂದು ಬುಡದಿಂದ ಬರೋ ಹ. ಹೇಳು ಬೇಟಿ."

"ಆಪಾ, ನಮ್ಮನೇಲಿ ಒಂದು ಹಕಾರಾನೂ ಹೇಳಲ್ಲ. ನಮ್ಮವ್ವ ನನ್ನ ಕರೆಯೋದೇ ಅರ್ಸಿತಾ ಅಂತ!"

ಇಡೀ ಹಾಲ್ ನಕ್ಕಿತು.

ಪಾಠದ ಪುಸ್ತಕಗಳೆಲ್ಲ ಉರ್ದುವಿನಲ್ಲಿದ್ದವು. ಹರ್ಷಿತಾಳಿಗೆ ಉರ್ದು ಬಾರದು. ಎರಡನೇ ವಾರದಿಂದ, ಅವಳು ಚಾಪೆ ಬಿಡಿಸಿದೊಡನೆ ಆ ದಿನದ ಪಾಠ ಕನ್ನಡದಲ್ಲಿ ಅವಳ ಕೈಗೆ ಬರುತ್ತಿತ್ತು. ದುಂಡನೆಯ ಅಕ್ಷರಗಳು. ಬರೆದದ್ದನ್ನು ಮೇಲಕ್ಕೆ ಕಳಿಸಿ, ಕೆಳಬಾಗಿಲಿನಿಂದಲೇ ಸಲಾಂ ಹೇಳಿ ಮಜೀದ್ ಹೊರಟುಹೋಗುತ್ತಿದ್ದ.

ಅವಳ ಕಿವಿ ಆ ಸಲಾಮಿಗೆ ಕಾಯತೊಡಗಿತು... 'ಅಯ್ಯೋ, ಇದೇನಾಗ್ತಿದೆ ನನಗೆ? ಇವನನ್ನು ಪ್ರೀತಿಸಿದರೆ ಊರೆಲ್ಲ ಆಡಿದ ಸುಳ್ಳೇ ನಿಜವಾಗಿಬಿಡತ್ತಲ್ಲ!'

ಒಂದು ಭಾನುವಾರ ಪಾಠ ಮುಗಿದ ಮೇಲೆ ಆಪಾ ಅವಳ ಕೆನ್ನೆ ಸವರಿದರು.

"ನಮ್ಮ ಮಜೀದ್ ನಿನ್ನನ್ನ ಇಷ್ಟಪಟ್ಟಿದ್ದಾನೆ. ನಿಕಾಹ್ ಮಾಡಿಬಿಡೋಣ. ಆಮೇಲೆ ಈ ಚಾಪೆ ಹೊತ್ಕೊಂಡು ಯಾಕೆ ಬರ್ತೀಯಾ? ಮನೇಲೇ ಅವನು ಕಲಿಸ್ತಾನೆ."

ಹರ್ಷಿತಾ ಚಾಪೆ ಸುತ್ತಿಕೊಂಡು ಎದ್ದಳು. ಸಂಜಯನಗರದಲ್ಲಿ ಕೇಳಿದ್ದ ಮಾತೇ! 'ಹಾಗಾದರೆ ಆ ಕನ್ನಡ ಪಾಠಗಳೆಲ್ಲ ಇದಕ್ಕೇನಾ?'

ಮುಂದಿನ ಭಾನುವಾರ ಅವಳು ಹೋಗಲಿಲ್ಲ. ಅದರ ಮುಂದಿನ ವಾರವೂ...

ಒಂದು ಮಧ್ಯಾಹ್ನ ಅವಳ ಅಂಗಡಿಗೆ ಮಜೀದ್ ಬಂದ. ಟೇಪು ಸುತ್ತಿದ ಅದೇ ಕನ್ನಡಕ.

"ಕೂತ್ಕೊಳ್ಳಿ," ಎಂದಳು ಮುಖ ನೋಡದೆ. "ಎದುರಿನ ಬೋರ್ಡ್ ಓದಿ. ಮೇಲಿನ ಸಾಲು."

"ಖಾಲಾ ನನ್ನನ್ನ ಕಳಿಸಿದ್ರು. ನಿಮ್ಮನ್ನ ಒಪ್ಪಿಸ್ಕೊಂಡು ಬಾ ಅಂತ."

"ಬೋರ್ಡ್ ಓದಿ ಅಂದೆ."

"ನಾನು ಒಪ್ಪಿಸೋಕೆ ಬಂದಿಲ್ಲ. ಅದನ್ನ ಅವರಿಗೂ ಹೇಳಿಬಂದೆ."

ಲೆನ್ಸ್ ಹಿಡಿದ ಅವಳ ಕೈ ಅಲ್ಲೇ ನಿಂತಿತು.

"ನಿಮ್ಮ ಬಗ್ಗೆ ಅವರ ಹತ್ರ ಮಾತಾಡಿದ್ದು ನಿಜ. ಸುಳ್ಳು ಹೇಳಲ್ಲ... ನೀವಂದ್ರೆ ನಂಗೆ ತುಂಬಾ ಇಷ್ಟ. ಆದ್ರೆ ಕ್ಲಾಸ್ ಬಿಡಿಸಿ ಅಂತ ನಾನು ಯಾವತ್ತೂ ಹೇಳಿಲ್ಲ ಹರ್ಷಿತಾ. ನಿಮ್ಮನ್ನ ಬಾಗಿಲಿಂದ ವಾಪಸ್ ಕಳಿಸಿದ್ದನ್ನ ನೋಡಿದವನು ನಾನು. ನಾನೇ ಇನ್ನೊಂದು ಬಾಗಿಲು ಹಾಕ್ತೀನಾ? ನಾನು ಬೇಡ ಅನ್ನಿ, ಪರವಾಗಿಲ್ಲ. ಪಾಠ ಮಾತ್ರ ಬಿಡಬೇಡಿ."

ಅವಳ ಕಣ್ಣು ಮಂಜಾಯಿತು. ಕಣ್ಣು ಟೆಸ್ಟ್ ಮಾಡುವವಳಿಗೇ ಬೋರ್ಡಿನ ಅಕ್ಷರ ಕಾಣಿಸುತ್ತಿರಲಿಲ್ಲ!

"ಈಗ ಓದಿ," ಎಂದಳು ಮೆಲ್ಲಗೆ.

ಅವನು ಓದಿದ. ಕೊನೆಯ ಸಾಲಿನಲ್ಲಿ ಎಲ್ಲವೂ ತಪ್ಪು.

ಆ ಭಾನುವಾರ ಹೊರಡುವಾಗ ಮುನಿಕೆಂಪಮ್ಮ ಬಾಗಿಲಿಗೆ ಅಡ್ಡ ನಿಂತರು.

"ಅವ್ನಿಗೋಸ್ಕರನೇ ಓಯ್ತಿದ್ದೀಯಾ?"

"ಓದೋಕೆ ಹೋಗ್ತಿದ್ದೀನಿ ಕಣವ್ವ."

ತಾಯಿ ಅವಳ ಕೈಯಲ್ಲಿದ್ದ ಪುಸ್ತಕ ನೋಡಿದರು. ಪಕ್ಕಕ್ಕೆ ಸರಿದರು.

"ಉಪ್ಪಿಟ್ಟೈತೆ. ತಿಂದ್ಕೊಂಡೋಗು."

ಆರ್.ಟಿ. ನಗರದ ಹಾಲಿನ ಬಾಗಿಲಲ್ಲಿ ಮಜೀದ್ ಕುರ್ಚಿ ಹಿಡಿದು ನಿಂತಿದ್ದ. ಮುಖದ ಮೇಲೆ ಹೊಸ ಕನ್ನಡಕ.

"ನಿಮಗೆ ಅಂತ ತಂದೆ."

"ನಂಗೆ ಚಾಪೆ ಸಾಕು." ಅವಳು ದನಿ ತಗ್ಗಿಸಿದಳು. "ಕೋರ್ಸ್ ಮುಗಿದ ದಿನ ನಾನೇ ಕೇಳ್ತೀನಿ. ನೀವು ಕೇಳಬಾರದು, ನಿಮ್ಮ ಖಾಲಾನೂ ಕೇಳಬಾರದು. ಕಾಯ್ತೀರಾ?"

"ಹೊಸ ಕನ್ನಡಕ ಕೊಟ್ಟಿದ್ದೀರಲ್ಲ... ದೂರದ್ದೂ ಕಾಣತ್ತೆ."

ಅವಳು ನಗು ಕಚ್ಚಿಕೊಂಡು ಒಳಗೆ ಹೋಗಿ, ಮುಂದಿನ ಸಾಲಿನಲ್ಲೇ ಚಾಪೆ ಬಿಡಿಸಿ ಕೂತಳು.

"ಅರೆ ಬೇಟಿ, ಉತ್ತರ ಕೊಡದೆ ಕೂತುಬಿಟ್ಟೆಯಲ್ಲ!" ಆಪಾ ಸೊಂಟದ ಮೇಲೆ ಕೈಯಿಟ್ಟರು. "ಮೊದಲು ಹೂಂ ಅನ್ನು, ಆಮೇಲೆ ಪಾಠ. ಎದ್ದೇಳು."

ಹೆಂಗಸರೆಲ್ಲ ಇತ್ತ ತಿರುಗಿದರು.

ಹರ್ಷಿತಾ ಮಡಿಲಲ್ಲಿ ಪುಸ್ತಕ ಬಿಚ್ಚಿದಳು.

"ಏಳಲ್ಲ ಆಪಾ. ಪಾಠ ಶುರು ಮಾಡಿ."