ಮೇಲೆ ಹೋಗುವ ಗಾಳಿ

ಉದ್ದವ್ವನ ಬೆರಳಿಗೆ ಈಗ ರೊಟ್ಟಿ ಮುರಿಯಲೂ ಆಗುವುದಿಲ್ಲ. ಗಂಡ ಲಗಮಣ್ಣನೇ ಉಣಿಸಬೇಕು. ಘಟಪ್ರಭಾದ ಸಾವುಕಾರ ಅಣ್ಣಾಸಾಹೇಬನ ಗೋದಾಮಿನಲ್ಲಿ ಇಬ್ಬರೂ ದುಡಿಯುವವರು. ಅವನು ಚೀಲ ಹೊರುವ ಹಮಾಲ, ಅವಳು ಕಸ ಹೊಡೆಯುವವಳು. ಹುಳು ಸಾಯಲೆಂದು ಜೋಳದ ಚೀಲಗಳಿಗೆ ಬಿಟ್ಟ ಗ್ಯಾಸ್ ಪೂರ್ತಿ ಹೊರಹೋಗುವ ಮೊದಲೇ ಸಾವುಕಾರ ಅವಳನ್ನು ಒಳಗೆ ಕಳಿಸಿದ್ದ. ಕೇಳಲು ಹೋದರೆ ತಲೆ ಎತ್ತಿಯೂ ನೋಡಲಿಲ್ಲ.

"ನಿನ್ನ ಹೆಂಡ್ತಿಗೆ ಮೊದಲಿಂದನೂ ನರದ ಬ್ಯಾನಿ ಐತಿ. ನನ್ನ ಗ್ಯಾಸಿಗೆ ಯಾಕ ಹಚ್ಚತಿ?"

"ಖರೇನ್ರಿ," ಅಂದು ಲಗಮಣ್ಣ ತಿರುಗಿ ಬಂದ.

ಸೇಡಿನ ದಾರಿ ಸಿಕ್ಕಿದ್ದು ಗೋದಾಮಿನವರಿಗೆಂದು ಗೋಕಾಕದಲ್ಲಿ ಕರೆದ ಸರ್ಕಾರಿ ಸಭೆಯಲ್ಲಿ. ಬಿಸಿಲಿನ ಕೆಟ್ಟ ಕಿರಣಗಳನ್ನು ತಡೆಯುವ ಓಝೋನ್ ಪದರ ಆಕಾಶದಲ್ಲಿದೆ, ಚೀಲಗಳಿಗೆ ಬಿಡುವ ಈ ಮೀಥೈಲ್ ಬ್ರೋಮೈಡ್ ಗ್ಯಾಸ್ ಮೇಲೆ ಹೋಗಿ ಅದನ್ನು ತಿನ್ನುತ್ತದೆ, ಅದಕ್ಕೇ ಸರ್ಕಾರ ಬಿಗಿ ಮಾಡಿದೆ ಎಂದು ಅಧಿಕಾರಿ ವಿವರಿಸಿದರು. ಮೇಲೆ ಹೋಗುತ್ತದೆ! ಲಗಮಣ್ಣನಿಗೆ ಅಷ್ಟು ಸಾಕಾಯಿತು.

ಸಾವುಕಾರ ಆ ಗ್ಯಾಸಿನ ಒಂದು ಹಳೆಯ ಸಿಲಿಂಡರ್ ಗೋದಾಮಿನಲ್ಲೇ ಬಚ್ಚಿಟ್ಟಿದ್ದ. ಕಾಗದದಲ್ಲಿ ಇಲ್ಲದ ಸಿಲಿಂಡರು ತಾನಾಗಿ ಸೋರಿತು ಎಂದರೆ ತಪ್ಪು ಯಾರದು? ಇಟ್ಟುಕೊಂಡವನದೇ. ದಿನಾ ಮಧ್ಯಾಹ್ನ ಸಾವುಕಾರ ಒಳಗಿನಿಂದ ಬೀಗ ಹಾಕಿ ಹಲಗೆಯ ಅಟ್ಟದ ಮೇಲೆ ಮಲಗುತ್ತಾನೆ. ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಲಗೆಯ ಸಂದಿಗಳಲ್ಲಿ ಏರಲಿ. ಗೋದಾಮಿನ ಮೂಲೆಯಲ್ಲಿ ಹಿಂದಿನವರು ಕಾಳು ತುಂಬಿಡುತ್ತಿದ್ದ ಹಗೇವು, ಆಳುದ್ದದ ನೆಲಗುಂಡಿ, ಬರಿದಾಗಿ ಬಿದ್ದಿದೆ. ಬೀಗ ಬೀಳುವ ಮೊದಲೇ ಒಳಗೆ ಅಡಗಿದ್ದು, ಗ್ಯಾಸು ಬಿಟ್ಟು, ಲಗಮಣ್ಣ ಅದರ ತಳದಲ್ಲಿ ಕೂರುತ್ತಾನೆ. ಚೀಲ ಒಯ್ಯಲು ಮೂಡಲಗಿಯ ಲಾರಿ ಬಂದು, ಉಳಿದ ಹಮಾಲರು ಬಾಗಿಲು ಒಡೆದಾಗ ಅವರ ಜೊತೆ ಸೇರಿ ತಾನೂ ಅಯ್ಯೋ ಅಂದರಾಯಿತು.

ಮಂಗಳವಾರ ಎಲ್ಲ ಅಂದುಕೊಂಡ ಹಾಗೇ ಆಯಿತು. ಸಿಲಿಂಡರಿನ ತಿರುಪು ತಿರುಗಿಸಿ ಹಗೇವಿಗೆ ಇಳಿದ. ಉಸಿರಾಡಲೆಂದು ಮುಚ್ಚಳದ ಕಲ್ಲನ್ನು ಸ್ವಲ್ಪ ಸರಿಸಿಯೇ ಇಟ್ಟಿದ್ದ. ಮೇಲೆ ಗೊರಕೆ ಕೇಳುತ್ತಿತ್ತು. ಇನ್ನೇನು ನಿಲ್ಲುತ್ತದೆ ಎಂದು ಕಾದ.

ಗೊರಕೆ ನಿಂತಿತು. ಆಮೇಲೆ ಆಕಳಿಕೆ, ಫೋನಿನ ಮಾತು. "ಹೂಂ, ಛಲೋ ನಿದ್ದಿ ಆತು ನೋಡು."

ಲಗಮಣ್ಣ ಏಳಲು ನೋಡಿದ. ಕಾಲು ಮಾತು ಕೇಳಲಿಲ್ಲ. ಕಣ್ಣಿಗೆ ಮುಚ್ಚಳದ ಬೆಳಕು ಎರಡಾಗಿ ಕಂಡಿತು. ರಾತ್ರಿ ಉದ್ದವ್ವನಿಗೆ ಉಣಿಸುವವರು ಯಾರು? ಸಾವುಕಾರನನ್ನೇ ಕೂಗಬೇಕೆಂದು ಬಾಯಿ ತೆರೆದ, ದನಿ ಬರಲಿಲ್ಲ. ಅವತ್ತು ಗೋಕಾಕದ ಸಭೆಯಲ್ಲಿ ಲಗಮಣ್ಣ ಬಸ್ಸಿಗೆ ತಡವಾಯಿತೆಂದು ಎದ್ದುಹೋದ ಮೇಲೆ ಅಧಿಕಾರಿ ಇನ್ನೊಂದು ಮಾತು ಹೇಳಿದ್ದರು: ಓಝೋನ್ ತನಕ ಏರಲು ಈ ಗ್ಯಾಸಿಗೆ ತಿಂಗಳು, ವರ್ಷಗಳೇ ಬೇಕು, ಗಾಳಿಗಿಂತ ಮೂರು ಪಟ್ಟು ಭಾರ, ಬಿಟ್ಟ ಕೂಡಲೇ ಅದು ನೀರಿನ ಹಾಗೆ ತಗ್ಗು ಹುಡುಕಿ ಇಳಿಯುತ್ತದೆ.