ನಗಬೇಡಿ, ಇಲ್ಲಿ ನೋಡಿ

“ಹನ್ನೊಂದು ಫೋಟೋ ತೆಗೆದಿದ್ದೀಯ ಕಡ್ಡಿ, ಹನ್ನೊಂದರಲ್ಲೂ ಎಲ್ಲರೂ ಕೋಲು ನುಂಗಿದವರ ಹಾಗೆ ಕೂತಿದ್ದಾರಲ್ಲೇ! ಮುಖದಲ್ಲಿ ಜೀವ ಬೇಡ್ವಾ? ಪ್ರದರ್ಶನಕ್ಕೆ ಫೋಟೋ ಕೊಡೋಕೆ ನಾಳೆ ಕೊನೇ ದಿನ,” ಎಂದರು ಡ್ರಾಯಿಂಗ್ ಮಿಸ್.

ಕಡ್ಡಿ ಅನ್ನೋದು ತೆಳ್ಳಗಿದ್ದಾಳೆಂದು ತಮ್ಮ ಇಟ್ಟ ಹೆಸರು, ಶಾಲೆಯಲ್ಲೂ ನಿಂತುಬಿಟ್ಟಿದೆ. ಶಾಲೆಯ ಗೋಡೆ ಮೇಲೆ ತಾನು ತೆಗೆದ ಮುಖ ಒಂದಾದರೂ ಇರಬೇಕೆಂದು ಕಡ್ಡಿಗೆ ತಿಂಗಳಿಂದ ಆಸೆ. ಸಪ್ಪೆ ಮೋರೆ ಹಾಕಿಕೊಂಡು, ಕೊರಳಲ್ಲಿ ಕ್ಯಾಮೆರಾ ಜೋತುಬಿಟ್ಟುಕೊಂಡು ಅಪ್ಪನ ಸ್ಟುಡಿಯೋಗೆ ಬಂದಳು.

ಅಪ್ಪನದು ಪಾಸ್‌ಪೋರ್ಟ್ ಫೋಟೋ ಸ್ಟುಡಿಯೋ. ಒಂದು ಸ್ಟೂಲು, ಬಿಳಿ ಪರದೆ, ದಾರಕ್ಕೆ ಕಟ್ಟಿದ ಬಾಚಣಿಗೆ, ಮೊಳೆಗೆ ನೇತುಹಾಕಿದ ಕರಿ ಕೋಟು. ಕೋಟಿಲ್ಲದೆ ಬಂದವರಿಗೆಲ್ಲ ಅದೊಂದೇ ಕೋಟು. “ಗದ್ದ ಇಳಿಸಿ. ನಗಬೇಡಿ. ಇಲ್ಲಿ ನೋಡಿ!” ಇದನ್ನು ಕೇಳಿ ಕೇಳಿ ಬೀದಿಯವರೆಲ್ಲ ಕ್ಯಾಮೆರಾ ಕಂಡರೆ ಸಾಕು, ಸೆಟೆದುಕೊಳ್ಳುತ್ತಾರೆ. ಇನ್ನು ಜೀವ ಎಲ್ಲಿಂದ ತರೋದು?

ಒಳಗೆ ಟೈಲರ್ ಆಂಟಿ ನಿಂತಿದ್ದರು. ಕೈಯಲ್ಲಿ ಇಲ್ಲೇ ತೆಗೆಸಿದ್ದ ಮಗನ ಸಣ್ಣ ಫೋಟೋ. ಆ ಅಣ್ಣ ತೀರಿಕೊಂಡು ಹದಿನೈದು ದಿನವಾಗಿತ್ತು.

“ಇದನ್ನೇ ದೊಡ್ಡದು ಮಾಡ್ಲಾ?” ಅಪ್ಪ ಮೆಲ್ಲಗೆ ಕೇಳಿದರು.

“ಇದು ನನ್ನ ಮಗನ ಥರ ಇಲ್ವೇ ಇಲ್ಲ. ಇಷ್ಟು ಸುಮ್ಮನೆ ಅವನು ನಿದ್ದೇಲೂ ಇರ್ತಿರಲಿಲ್ಲ. ಅವತ್ತು ‘ಸ್ಟುಡಿಯೋದಲ್ಲಿ ನಗು ತಡೆಯೋಕೇ ಆಗ್ಲಿಲ್ಲಮ್ಮಾ’ ಅಂದಿದ್ದ. ಆ ನಗೋ ಫೋಟೋ ಇದ್ರೆ ಕೊಡಿ.”

ಅಪ್ಪ ಕಂಪ್ಯೂಟರಿನಲ್ಲಿ ಹುಡುಕಿದರು. ಮತ್ತೆ ಹುಡುಕಿದರು. ಆಮೇಲೆ ಕೈ ಮೌಸಿನ ಮೇಲೇ ನಿಂತುಬಿಟ್ಟಿತು.

“ಮೂರು ಸಲ ನಕ್ಕ. ಮೂರು ಸಲಾನೂ ಬೈದೆ. ಮೂರನ್ನೂ ಅಳಿಸಿಬಿಟ್ಟೆ, ಅಕ್ಕಾ.”

ಕಡ್ಡಿ ತನ್ನ ಕ್ಯಾಮೆರಾ ನೋಡಿಕೊಂಡಳು. ನಿನ್ನೆ ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಿದ್ದು, ತಮ್ಮ ನಾಲಿಗೆ ಚಾಚಿ ಕುಣಿದಿದ್ದು, ಎಲ್ಲವನ್ನೂ ‘ಹಾಳಾಯ್ತು’ ಅಂತ ಅವಳೂ ಅಳಿಸಿದ್ದಳು. ನೀಟಾಗಿ ಬಂದ ಹನ್ನೊಂದನ್ನಷ್ಟೇ ಉಳಿಸಿಕೊಂಡಿದ್ದಳು.

“ಅಪ್ಪಾ, ಅಳಿಸಿದ್ದು ವಾಪಸ್ ಬರಲ್ವಾ?”

“ಇಲ್ಲ ಕಣೇ. ಮೆಮೊರಿ ಕಾರ್ಡಿನ ಆ ಜಾಗದಲ್ಲಿ ಇನ್ನೆಷ್ಟು ಜನ ಬಂದು ಕೂತಿದ್ದಾರೋ.”

ಆಂಟಿ ಫೋಟೋವನ್ನು ಹತ್ತಿರ ಹಿಡಿದು ನೋಡಿದರು. “ಹೋಗ್ಲಿ ಬಿಡಿ, ಇದನ್ನೇ ಮಾಡಿಕೊಡಿ. ಇದರಲ್ಲಿ ಹಾಕಿರೋ ಕೋಟೂ ಅವನದಲ್ಲ.”

ಅವರು ಮೊಳೆಯತ್ತ ತಿರುಗಿದರು. ಕರಿ ಕೋಟಿನ ಗುಂಡಿಯೊಂದು ಕಿತ್ತು ಜೋತಾಡುತ್ತಿತ್ತು. ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ದಾರ ತೆಗೆದು, ನಿಂತಲ್ಲೇ ಹೊಲಿಯತೊಡಗಿದರು.

ಕಡ್ಡಿ ಆ ಮುಖವನ್ನೇ ನೋಡಿದಳು. ಮಿಸ್ ಕೇಳಿದ ಜೀವ ಅದರಲ್ಲಿತ್ತು. ಬೆರಳು ಕ್ಯಾಮೆರಾದ ಬಟನ್ ಮೇಲಿತ್ತು.

ಅವಳು ಕ್ಯಾಮೆರಾವನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟಳು. ಬಟ್ಟೆ ಅಲ್ಲಾಡದಿರಲೆಂದು ಹೋಗಿ ಕೋಟಿನ ಅಂಚು ಹಿಡಿದುಕೊಂಡಳು.