ಮೊದಲ ನೀರು

ಗಳಗಳ ಗಳಗಳ... ಬಕೆಟ್ಟಿನ ನೀರೆಲ್ಲ ಬಚ್ಚಲ ಪಾಲಾಯಿತು.

ಆಮೇಲೆ ನೆನಪಾಯಿತು ನಮ್ಮ ಪಟಪಟಿಗೆ.

"ಅಯ್ಯಯ್ಯೋ! ಮೊದಲ್ನೇ ನೀರು!"

ಪಟಪಟಿ ಅಂದರೆ ಹತ್ತು ವರ್ಷದ ಹುಡುಗಿ. ಬಾಯಿಗೆ ಬ್ರೇಕೇ ಇಲ್ಲ ಅಂತ ಅಜ್ಜಿ ಇಟ್ಟ ಹೆಸರು ಅದು. ಆ ಅಜ್ಜಿ ತೀರಿಕೊಂಡು ತಿಂಗಳಾಗಿತ್ತು. ನಾಳೆ ಭಾನುವಾರ, ಚರ್ಚಿನಲ್ಲಿ ಅವಳ ಹೆಸರಿನಲ್ಲಿ ಪೂಜೆ.

ಪ್ರತಿ ಶನಿವಾರ ಚರ್ಚಿನ ಬಿಳಿ ಬಟ್ಟೆಗಳನ್ನು ಒಗೆಯುತ್ತಿದ್ದವಳು ಅಜ್ಜಿ. ಪೂಜೆಯಲ್ಲಿ ಫಾದರ್ ದ್ರಾಕ್ಷಾರಸದ ಪಾನಪಾತ್ರೆ ಒರೆಸುತ್ತಾರಲ್ಲ, ಆ ಪುಟ್ಟ ಬಟ್ಟೆಗಳು. "ಆ ಪಾತ್ರೇಲಿ ಇರೋದು ಯೇಸುಸ್ವಾಮಿ ರಕ್ತ ಕಣೇ. ಬಟ್ಟೇಲಿ ಒಂದು ಹನಿ ಉಳಿದಿದ್ರೂ ಚರಂಡಿಗೆ ಹೋಗಬಾರ್ದು," ಎನ್ನುತ್ತಿದ್ದಳು. ಅದಕ್ಕೇ ಬಟ್ಟೆ ಜಾಲಿಸಿದ ಮೊದಲ ನೀರನ್ನು ಅಂಗಳದ ನಿಂಬೆಗಿಡದ ಬುಡಕ್ಕೆ ಸುರಿದು, ಒಂದು ಗಳಿಗೆ ತಲೆ ಬಾಗಿಸಿ ನಿಲ್ಲುತ್ತಿದ್ದಳು.

ಈ ಸಲ ಅಮ್ಮ ಲಾಂಡ್ರಿಗೆ ಕೊಡೋಣ ಅಂದಿದ್ದಳು. "ಲಾಂಡ್ರಿಯವರಿಗೇನ್ ಗೊತ್ತು? ನಂಗೆಲ್ಲಾ ಗೊತ್ತು, ನಾನೇ ಒಗೀತೀನಿ!" ಎಂದು ಎದೆ ತಟ್ಟಿಕೊಂಡವಳು ಇದೇ ಮಹಾರಾಣಿ.

ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಆದರೆ ಇದು ಅಜ್ಜಿಯ ಪೂಜೆಗೇ ಇಡುವ ಬಟ್ಟೆ! ಪಟಪಟಿ ಖಾಲಿ ಬಕೆಟ್ಟಿನ ಮುಂದೆ ಕುಕ್ಕರಿಸಿದಳು.

ತಾತ ಬಾಗಿಲಲ್ಲಿ ಇಣುಕಿದ. ಮೂವತ್ತು ವರ್ಷ ಬಸ್ ಓಡಿಸಿದವನು. ಸದ್ದು ನಿಂತರೆ ಎಲ್ಲೋ ಏನೋ ಕೆಟ್ಟಿದೆ ಅಂತ ಅವನಿಗೆ ತಕ್ಷಣ ಗೊತ್ತಾಗುತ್ತಿತ್ತು.

"ಏನೇ, ಇಂಜಿನ್ ಯಾಕೆ ಆಫ್ ಆಗಿದೆ?"

ಪಟಪಟಿ ಅತ್ತೇ ಬಿಟ್ಟಳು. "ತಾತಾ... ಬಚ್ಚಲಿಗೆ ಸುರಿದ್ಬಿಟ್ಟೆ. ಅಜ್ಜಿ ನಲವತ್ತೊಂದು ವರ್ಷ ಮಾಡಿದ್ದನ್ನ ನಾನು ಒಂದೇ ದಿನಕ್ಕೆ ಕೆಡಿಸ್ಬಿಟ್ಟೆ."

ತಾತ ಮಣೆಯ ಮೇಲೆ ಕೂತ. "ನಾನೂ ಸುರಿದಿದ್ದೆ," ಅಂದ.

"ನೀನಾ?"

"ನಿಮ್ಮಪ್ಪ ಹುಟ್ಟಿದಾಗ ಅವಳು ಆಸ್ಪತ್ರೇಲಿದ್ಳು. ಆ ವಾರ ನಾನೇ ಒಗೆದೆ. ದೊಡ್ಡ ಸಾಹಸ ಮಾಡ್ದೋನ ಹಾಗೆ ಹೋಗಿ ವರದಿ ಒಪ್ಪಿಸ್ದೆ. ಹೇಳ್ತಾ ಹೇಳ್ತಾ ಬಚ್ಚಲು ಅಂದ್ಬಿಟ್ಟೆ."

"ಬೈದ್ಳಾ?"

"ಬೈದಿದ್ರೆ ಪರವಾಗಿರ್ಲಿಲ್ಲ. ಕಣ್ಣು ಮುಚ್ಚಿ ಕೈ ಮುಗಿದ್ಳು. ಆಮೇಲೆ ನಕ್ಕು, 'ಹೋಗ್ಲಿ ಬಿಡಿ, ಬಚ್ಚಲ ನೀರೂ ಕೊನೆಗೆ ಮಣ್ಣಿಗೇ ಸೇರೋದು. ಸ್ವಾಮಿಗೆ ದಾರಿ ಗೊತ್ತು' ಅಂದ್ಳು."

ಪಟಪಟಿ ತೋಳಿನಿಂದ ಮೂಗು ಒರೆಸಿಕೊಂಡಳು. ಕಣ್ಣು ಮುಚ್ಚಿ ಕೈ ಮುಗಿದಳು. ಆಮೇಲೆ ಇಂಜಿನ್ ಮತ್ತೆ ಸ್ಟಾರ್ಟ್ ಆಯಿತು.

"ಅಜ್ಜಿಗೆ ಜ್ವರ ಬಂದ್ರೆ?"

"ಒಗೀತಿದ್ಳು."

"ಅತ್ತೆ ಮದುವೆ ದಿನ?"

"ಬೆಳಗ್ಗೆ ಐದಕ್ಕೇ ಒಗೆದು ಹರವಿ ಮದುವೆಗೆ ಹೊರಟ್ಳು. ನಾನು ಗೇಟಲ್ಲಿ ನಿಂತು ಹಾರ್ನ್ ಹೊಡೆದಿದ್ದೇ ಹೊಡೆದಿದ್ದು!"

ಪಟಪಟಿ ಗೋಡೆಯ ಮೇಲೆ ಒದ್ದೆ ಬೆರಳಿನಿಂದ ಲೆಕ್ಕ ಮಾಡಿದಳು. ಗಣಿತದ ಟೀಚರ್ ಕಂಡಿದ್ದರೆ ನಂಬುತ್ತಲೇ ಇರಲಿಲ್ಲ. ನಲವತ್ತೊಂದು ವರ್ಷ, ವರ್ಷಕ್ಕೆ ಐವತ್ತೆರಡು ಶನಿವಾರ. ಎರಡು ಸಾವಿರದ ನೂರ ಮೂವತ್ತೆರಡು! ವಾರಕ್ಕೆ ನಾಲ್ಕು ಬಟ್ಟೆ. ಅಷ್ಟರಲ್ಲಿ ಗೋಡೆಯ ಮೇಲಿನ ಅಂಕಿ ಒಣಗಿಹೋಯಿತು.

"ಅಬ್ಬಾ!" ಅಂದಳು.

ಇಬ್ಬರೂ ಸೇರಿ ಸೋಪು ಹಾಕಿ ಉಜ್ಜಿದರು, ಹಿಂಡಿದರು, ಬಿಸಿಲಿಗೆ ಹಾಕಿದರು. ಇಸ್ತ್ರಿ ತಾತ ಮಾಡಿದ. ಮಡಿಸಿದ್ದೂ ಅವನೇ.

"ಇದೇನು ತಾತ, ಮೂಗೊರೆಸೋ ಕರ್ಚೀಫಾ? ಕೊಡಿಲ್ಲಿ!"

ಉದ್ದಕ್ಕೆ ಮೂರು ಮಡಿಕೆ. ತಿರುಗಿಸಿ ಮತ್ತೆ ಮೂರು. ಕೆಂಪು ದಾರದ ಪುಟ್ಟ ಶಿಲುಬೆ ಸರಿಯಾಗಿ ಮೇಲೆ ಬಂದು ಕೂತಿತು. ಎಷ್ಟೋ ಶನಿವಾರ ಅಜ್ಜಿಯ ಮೇಜಿನ ಪಕ್ಕ ನಿಂತು ಅವಳು ಸ್ಕೂಲಿನ ಸುದ್ದಿ ಕೊಚ್ಚಿದ್ದಳು. ಬಾಯಿ ಅದರ ಪಾಡಿಗೆ ಆಡುತ್ತಿದ್ದಾಗ ಕಣ್ಣು ಇದನ್ನೆಲ್ಲ ಕಲಿತುಬಿಟ್ಟಿತ್ತು.

ಭಾನುವಾರ ತಾತ ಎಂದಿನಂತೆ ಕೊನೇ ಬೆಂಚಿಗೆ ಹೋದ. ಅದು ಅಜ್ಜಿಯ ಬೆಂಚು. "ಇಲ್ಲಿಂದ ಏನೂ ಕಾಣ್ಸಲ್ಲ, ಮುಂದೆ ಹೋಗೋಣ ಬಾ," ಎಂದು ಪಟಪಟಿ ಗೋಳು ಹೊಯ್ದುಕೊಂಡಾಗಲೆಲ್ಲ ಅಜ್ಜಿ, "ನಂಗೆ ಬೇಕಾದ್ದು ಕಾಣ್ಸುತ್ತೆ," ಎನ್ನುತ್ತಿದ್ದಳು.

ಫಾದರ್ ಅಜ್ಜಿಯ ಬಗ್ಗೆ ಮಾತಾಡಿದರು. "ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ, ಒಳ್ಳೆಯ ಅಜ್ಜಿ. ನಾನು ಬಂದಾಗಿನಿಂದ ಒಂದು ದಿನವೂ ಅವರು ಮುಂದಿನ ಬೆಂಚಲ್ಲಿ ಕೂತಿದ್ದನ್ನು ನೋಡಲಿಲ್ಲ," ಅಂದರು.

ಎಲ್ಲರೂ ಪ್ರಸಾದ ತೆಗೆದುಕೊಂಡಾದ ಮೇಲೆ ಫಾದರ್ ಬಟ್ಟೆಯನ್ನು ಕೈಗೆತ್ತಿಕೊಂಡರು. ಪಟಪಟಿ ಕತ್ತು ಉದ್ದ ಮಾಡಿದಳು. ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಷ್ಟು ದೂರದಿಂದಲೂ ಆ ಬಿಳುಪು ಎದ್ದು ಕಾಣುತ್ತಿತ್ತು. ಫಾದರ್ ಅದರಿಂದ ಪಾತ್ರೆಯ ಒಳಗನ್ನು ಮೆಲ್ಲಗೆ ಒರೆಸಿದರು.

ಪಟಪಟಿಯ ಮೈಯೆಲ್ಲ ಜುಮ್ಮೆಂದಿತು. ಅಜ್ಜಿ ಪ್ರತಿ ವಾರ ಇದನ್ನೇ ನೋಡುತ್ತಿದ್ದಳು. ಮುಂದಿನ ಬೆಂಚಿಗಿಂತಲೂ ಮುಂದೆ ಇದ್ದಳು ಅವಳು, ಅಲ್ಲಿ, ಪೀಠದ ಮೇಲೆ! ಯಾರಿಗೂ ಹೇಳಿರಲಿಲ್ಲ.

ಪೂಜೆ ಮುಗಿದ ಮೇಲೆ ಫಾದರ್ ಬಳಸಿದ ಬಟ್ಟೆಗಳ ಚೀಲ ಹಿಡಿದು ಬಂದರು. ಯಾರಿಗೆ ಕೊಡುವುದು ಅಂತ ಒಂದು ಕ್ಷಣ ಅನುಮಾನಿಸಿದರು. ಪಟಪಟಿ ಎರಡೂ ಕೈ ಚಾಚಿದಳು.

"ಶನಿವಾರ ತಂದ್ಕೊಡ್ತೀನಿ ಫಾದರ್," ಅಂದಳು.

ದಾರಿಯುದ್ದಕ್ಕೂ ಅವಳು ಇನ್ನೊಂದು ಮಾತಾಡಲಿಲ್ಲ. ತಾತ ಎರಡು ಸಲ ತಿರುಗಿ ನೋಡಿದ. ಮನೆಗೆ ಬಂದವಳು ಚೀಲ ಹಿಡಿದುಕೊಂಡೇ ನಿಂಬೆಗಿಡದ ಹತ್ತಿರ ಹೋಗಿ, ಒಂದು ಗಳಿಗೆ ತಲೆ ಬಾಗಿಸಿ ನಿಂತಳು.